ಐದು ವರ್ಷಕ್ಕೆ ನಾಲ್ಕು ತಿಂಗಳು ಬಾಕಿ: ನಾನು ಕಂಡ ರಜೆ ನಿಯಮಗಳು

ಕಳೆದ ತಿಂಗಳು ಅಕ್ಕನ ಮಗ ಎರಡು ಆಫರ್ ಲೆಟರ್ ಹಿಡಿದುಕೊಂಡು ಮನೆಗೆ ಬಂದ. ಒಂದು ಸೌದಿಯ ದಮ್ಮಾಮ್‌ದು, ಇನ್ನೊಂದು ದುಬೈದು. "ಮಾವ, ಯಾವ್ದಕ್ಕ್ ಸೈ ಹಾಕೂದ್?" ಅಂತ ಕೇಳಿದ. ಸಂಬಳದ ಸಾಲಿಗೆ ಎರಡರಲ್ಲೂ ಹಳದಿ ಬಣ್ಣ ಬಳಿದಿದ್ದ. ರಜೆಯ ಸಾಲನ್ನು ಓದಿಯೇ ಇರಲಿಲ್ಲ. ನಾನೂ ಅವನ ವಯಸ್ಸಿನಲ್ಲಿ ಓದಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೀಣ್ಯದಲ್ಲಿ 5 ವರ್ಷ, ಸೌದಿಯಲ್ಲಿ 12 ವರ್ಷ ಫಿಟ್ಟರ್ ಆಗಿ ದುಡಿದವನು ನಾನು. ಕೆಲಸ ಹುಡುಕುವವರಿಗೆ ಉಪಯೋಗಕ್ಕೆ ಬರಲಿ.

ಮೊದಲು ಪೀಣ್ಯ. ಅಲ್ಲಿ ನಮಗೆ ಇದ್ದದ್ದು 1948ರ ಫ್ಯಾಕ್ಟರಿ ಕಾಯ್ದೆಯ ಲೆಕ್ಕ. ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ, ಮುಂದಿನ ವರ್ಷಕ್ಕೆ 20 ದಿನಕ್ಕೆ ಒಂದರಂತೆ ಇ.ಎಲ್., ಅಂದರೆ ಸಂಬಳ ಸಹಿತ ಗಳಿಕೆ ರಜೆ, ಸಿಗುತ್ತಿತ್ತು. 290 ದಿನ ದುಡಿದರೆ ಹದಿನಾಲ್ಕೂವರೆ, ಅರ್ಧವನ್ನು ಪೂರ್ತಿ ಮಾಡಿ 15. ನಡುವೆ ಬರುವ ಭಾನುವಾರ, ಹಬ್ಬದ ರಜೆ ಇದರಲ್ಲಿ ಸೇರುವುದಿಲ್ಲ. ಇದು ದೊಡ್ಡ ಅನುಕೂಲ. ಉಳಿದ ರಜೆಯನ್ನು 30 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ 240 ದಿನವನ್ನು 180ಕ್ಕೆ ಇಳಿಸಿದ್ದಾರೆ, ಒಳ್ಳೆಯದಾಯಿತು.

ಕೊರತೆ ಒಂದೇ. ಹಳಬರಿಗೆ ಜಾಸ್ತಿ ಏನೂ ಇಲ್ಲ. ನನ್ನ ಪಕ್ಕದ ಲೇತ್‌ನಲ್ಲಿ ಒಬ್ಬರು ಟರ್ನರ್ ಇದ್ದರು, 22 ವರ್ಷದ ಸರ್ವಿಸು. ಕೆಲಸ ಕಲಿಸಿದವರು ಅವರೇ. ಅವರಿಗೂ 15, ನಿನ್ನೆ ಮೊನ್ನೆ ಬಂದ ನನಗೂ 15. ಇದು ಸರಿ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ಈ ನಿಯಮಕ್ಕೆ 5ಕ್ಕೆ 3 ಅಂಕ ಕೊಡುತ್ತೇನೆ.

ಸೌದಿಯ ಕಾಯ್ದೆ ಸರ್ವಿಸಿಗೆ ಬೆಲೆ ಕೊಡುತ್ತದೆ. ವರ್ಷಕ್ಕೆ ಕನಿಷ್ಠ 21 ದಿನ ರಜೆ. ಒಬ್ಬನೇ ಮಾಲೀಕನ ಹತ್ತಿರ ಸತತ 5 ವರ್ಷ ಮುಗಿಸಿದರೆ 30 ದಿನ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನನ್ನ ಕಂಪನಿಯಲ್ಲಿ ಶುಕ್ರವಾರವನ್ನೂ ಸೇರಿಸಿಯೇ 21 ಎಣಿಸುತ್ತಿದ್ದರು. ಹೋಗಿ ಬರುವುದಕ್ಕೆ ಎರಡು ದಿನ ಕಳೆಯಿತು. ಕೊನೆಯ ಎರಡು ದಿನ ಲಗೇಜು, ನೆಂಟರ ಮನೆ ಅಂತ ಹೋಯಿತು. ಸಮಾಧಾನವಾಗಿ ಮನೆಯಲ್ಲಿ ಕೂತದ್ದು ಎಷ್ಟು ದಿನ ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಮನೆಯ ಅಡುಗೆಕೋಣೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಬೆಳಿಗ್ಗೆ ಎದ್ದು ಹಾಳೆ ಹರಿಯುವುದು ಅಮ್ಮನ ಕೆಲಸ. ನಾನು ಊರಿಗೆ ಬಂದ ದಿನದಿಂದ ಅಮ್ಮ ಹಾಳೆ ಹರಿಯುವುದನ್ನೇ ನಿಲ್ಲಿಸಿಬಿಡುತ್ತಿದ್ದಳು. ವಾಪಸ್ ಹೊರಡುವ ದಿನವೂ ಅದರಲ್ಲಿ ನಾನು ಬಂದ ತಾರೀಖೇ ಇರುತ್ತಿತ್ತು.

ನಾನು ಮಾಡಿದ ತಪ್ಪು ಏನೆಂದರೆ, 4 ವರ್ಷ 8 ತಿಂಗಳಿಗೆ ಕಂಪನಿ ಬದಲಾಯಿಸಿದೆ. ತಿಂಗಳಿಗೆ 300 ರಿಯಾಲ್ ಜಾಸ್ತಿ ಅಂದರು, ಹೋದೆ. ಹೊಸ ಕಡೆ ಜಾಯಿನಿಂಗ್ ದಿನದಿಂದ ಲೆಕ್ಕ ಮತ್ತೆ ಸೊನ್ನೆ. ಇನ್ನೂ 5 ವರ್ಷದವರೆಗೆ ವರ್ಷಕ್ಕೆ 21 ದಿನವೇ. ಆ 5 ವರ್ಷದಲ್ಲಿ ಜಾಸ್ತಿ ಸಿಕ್ಕಿದ್ದು 18,000 ರಿಯಾಲ್. ಹಳೇ ಕಡೆ ಬಾಕಿಯಿದ್ದ 4 ತಿಂಗಳು ಬಿಟ್ಟು, ವರ್ಷಕ್ಕೆ 9 ದಿನದಂತೆ ಕಳೆದುಕೊಂಡದ್ದು ಸುಮಾರು 40 ದಿನ. ಅದೇ ವರ್ಷಗಳಲ್ಲಿ ಅಮ್ಮ ಹಾಸಿಗೆ ಹಿಡಿದಳು. ಆ ದುಡ್ಡಿನಲ್ಲಿ ಏನು ಕೊಂಡೆ ಅಂತ ಈಗ ನೆನಪಿಲ್ಲ. ಆ 40 ದಿನ ಮಾತ್ರ ನೆನಪಿದೆ.

ಹಾಗಾಗಿ ಸೌದಿಗೆ ಎರಡು ಬೇರೆ ಬೇರೆ ಅಂಕ. ಒಂದೇ ಕಡೆ ಗಟ್ಟಿಯಾಗಿ ನಿಲ್ಲುವವರಿಗೆ 4, ಆಗಾಗ ಕಂಪನಿ ಬದಲಾಯಿಸುವವರಿಗೆ 2.

ಕತಾರ್‌ದೂ ಹೆಚ್ಚುಕಮ್ಮಿ ಇದೇ ರೀತಿ. 5 ವರ್ಷದ ಒಳಗೆ 3 ವಾರ, ಆಮೇಲೆ 4 ವಾರ.

ಸಿಂಗಾಪುರದಲ್ಲಿ ಇರುವ ನಮ್ಮೂರಿನ ಗೆಳೆಯನನ್ನು ಕೇಳಿದೆ. ಅಲ್ಲಿ ಮೊದಲ ವರ್ಷ ಕಾಯ್ದೆ ಪ್ರಕಾರ ಕನಿಷ್ಠ 7 ದಿನ. ಆಮೇಲೆ ವರ್ಷಕ್ಕೆ ಒಂದೊಂದೇ ದಿನ ಏರಿ, 8ನೇ ವರ್ಷಕ್ಕೆ 14. ಅಲ್ಲಿಗೇ ನಿಂತಿತು. 7 ತೀರಾ ಕಮ್ಮಿ ಅಲ್ವಾ? ಆದರೆ ಅವು ಕೆಲಸದ ದಿನಗಳು, ವಾರದ ರಜೆ ಬೇರೆ. ಪ್ರತಿ ವರ್ಷವೂ ಸ್ವಲ್ಪ ಏರುತ್ತದೆ ಅನ್ನುವುದು ನನಗೆ ಹಿಡಿಸಿತು. 4 ವರ್ಷ 8 ತಿಂಗಳಿಗೆ ಬಿಟ್ಟು ಹೋದವನೂ ಅಷ್ಟರಲ್ಲಿ ಒಂದಿಷ್ಟು ಏರಿಕೆ ಕಂಡಿರುತ್ತಾನೆ.

ಇನ್ನು ದುಬೈ. ಯು.ಎ.ಇ. ಕಾಯ್ದೆಯಲ್ಲಿ ಒಂದು ವರ್ಷ ಮುಗಿದರೆ ಸಾಕು, ವರ್ಷಕ್ಕೆ 30 ದಿನ. 5 ವರ್ಷ ಕಾಯಬೇಕಾಗಿಲ್ಲ. 6 ತಿಂಗಳು ದಾಟಿ ವರ್ಷ ತುಂಬದವರಿಗೆ ತಿಂಗಳಿಗೆ 2 ದಿನದ ಲೆಕ್ಕ. ಹಳಬರಿಗೆ ಕಾಯ್ದೆ ಜಾಸ್ತಿ ಕೊಡುವುದಿಲ್ಲ, ಅದು ಪೀಣ್ಯದ್ದೇ ಕೊರತೆ. ಆದರೂ ಎರಡು ಮೂರು ವರ್ಷಕ್ಕೆ ಅಂತ ಹೋಗುವ ಹುಡುಗರಿಗೆ ಇದೇ ಒಳ್ಳೆಯದು. 5ಕ್ಕೆ 4.

ಅಳಿಯನ ಜೊತೆ ಕೂತು ಲೆಕ್ಕ ಹಾಕಿದೆ. ಮೇ ತಿಂಗಳಲ್ಲಿ ಅವನ ತಂಗಿಯ ಮದುವೆ. ಅಕ್ಟೋಬರ್ 1ಕ್ಕೆ ದುಬೈಯಲ್ಲಿ ಸೇರಿದರೆ ಏಪ್ರಿಲ್ ಕೊನೆಗೆ 7 ತಿಂಗಳು, ಅಂದರೆ 14 ದಿನ. ದಮ್ಮಾಮ್‌ನ ಲೆಟರಿನಲ್ಲಿ ಮೊದಲ ವರ್ಷ ಮುಗಿಯುವ ತನಕ ರಜೆಯೇ ಇಲ್ಲ ಅಂತ ಬರೆದಿತ್ತು. ಸಂಬಳ ಅಲ್ಲೇ ಸ್ವಲ್ಪ ಜಾಸ್ತಿ. ಅವನು ತುಂಬಾ ಹೊತ್ತು ಸುಮ್ಮನೆ ಕೂತಿದ್ದ.

ಸೈ ಹಾಕುವ ಮೊದಲು ದುಬೈಗೆ ಒಂದು ಮೇಲ್ ಕಳಿಸಲು ಹೇಳಿದೆ. ರಜೆ ಎಣಿಸುವುದು ಕ್ಯಾಲೆಂಡರ್ ದಿನವೋ, ಕೆಲಸದ ದಿನವೋ? ಟಿಕೆಟ್ ಎಷ್ಟು ವರ್ಷಕ್ಕೊಮ್ಮೆ? ಮೇ ತಿಂಗಳಲ್ಲಿ ರಜೆ ಕೊಡುತ್ತೇವೆ ಅಂತ ಬರೆದು ಕೊಡುತ್ತೀರಾ? ಬಾಯಿಮಾತಿನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ, ಬರಹದಲ್ಲಿ ಇರಬೇಕು. ನಾಲ್ಕನೇ ದಿನ ಉತ್ತರ ಬಂತು. ಕ್ಯಾಲೆಂಡರ್ ದಿನ, ಟಿಕೆಟ್ 2 ವರ್ಷಕ್ಕೊಮ್ಮೆ, ಮೇ ತಿಂಗಳ 14 ದಿನಕ್ಕೆ ಒಪ್ಪಿಗೆ. ಮದುವೆಗೆ ಬರುವ ಟಿಕೆಟ್ಟು ಅವನ ಕೈಯಿಂದಲೇ ಆಗಬೇಕು. ಅದಕ್ಕೆ ನಾನು ಕೊಡುತ್ತೇನೆ ಅಂದಿದ್ದೇನೆ.