ಚೈನ್ ಅಂಗಡಿ, ಬೇಕರಿ, ಖಡಕ್ ರೊಟ್ಟಿ, ಮನೆ ಹಂಚು: ಕ್ಯಾಲೊರಿ ಲೆಕ್ಕ ಇಡುವವರಿಗೆ ಯಾವ ಪಿಜ್ಜಾ ಸರಿ?

ದಿನಕ್ಕೆ 1500 ಕ್ಯಾಲೊರಿಯಲ್ಲಿ ಊಟ ಮುಗಿಸಬೇಕಾದವರು ಪಿಜ್ಜಾ ತಿನ್ನಬಹುದಾ? ತಿನ್ನಬಹುದು. ನಾನು ತಿನ್ನುತ್ತಲೇ ಇದ್ದೇನೆ, ತೂಕವೂ ಇಳಿದಿದೆ. ಆದರೆ ಎಲ್ಲ ಪಿಜ್ಜಾನೂ ಒಂದೇ ಅಲ್ಲ. ನಮ್ಮ ದಾವಣಗೆರೆಯಲ್ಲಿ ಸಿಗುವ ಪಿಜ್ಜಾಗಳನ್ನೂ ಮನೆಯಲ್ಲಿ ಮಾಡಿಕೊಂಡವುಗಳನ್ನೂ ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟೆ, ತಿಂದೆ, ಮತ್ತೆ ಹಸಿವಾಗಿದ್ದು ಯಾವಾಗ ಅಂತ ಗಮನಿಸಿದೆ. ರಾತ್ರಿ ಊಟಕ್ಕೆ ನನಗೆ ಉಳಿಯುವುದು 450ರಿಂದ 500 ಕ್ಯಾಲೊರಿ. ಅಷ್ಟರಲ್ಲಿ ಹೊಟ್ಟೆ ತುಂಬಬೇಕು, ತಿಂದಿದ್ದು ಪಿಜ್ಜಾ ಅಂತ ನಾಲಿಗೆಗೂ ಗೊತ್ತಾಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ ನನಗೆ ಅದು ಬೇಡ.

ಪಿಜ್ಜಾದ ಕ್ಯಾಲೊರಿ ಎಲ್ಲಿ ಕೂತಿರುತ್ತದೆ ಅನ್ನೋದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. 100 ಗ್ರಾಂ ಮೈದಾದಲ್ಲಿ ಸುಮಾರು 350 ಕ್ಯಾಲೊರಿ. ಪಿಜ್ಜಾ ಮೇಲೆ ಹಾಕುವ ಚೀಸ್ ಆದ ಮೊಝರೆಲ್ಲಾದಲ್ಲಿ 100 ಗ್ರಾಂಗೆ 280ರಿಂದ 300. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120. ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಅಣಬೆ ಇವೆಲ್ಲ 100 ಗ್ರಾಂಗೆ 20–25ರ ಆಸುಪಾಸು. ಅಂದರೆ ತರಕಾರಿ ಎಷ್ಟು ಸುರಿದರೂ ಲೆಕ್ಕ ಕೆಡಲ್ಲ. ಲೆಕ್ಕ ನಿಂತಿರೋದು ಹಿಟ್ಟು, ಚೀಸು, ಎಣ್ಣೆ ಮೇಲೆ. ಪನೀರ್ ಬಗ್ಗೆಯೂ ಒಂದು ಮಾತು. 'ಪನೀರ್ ಅಲ್ವಾ, ಹಗುರ' ಅಂತ ಎಷ್ಟೋ ಜನ ಚೀಸ್ ಮೇಲೆ ಪನೀರೂ ಹಾಕಿಸಿಕೊಳ್ಳುತ್ತಾರೆ. ಪ್ರೊಟೀನ್ ಸಿಗುತ್ತದೆ, ನಿಜ. ಆದರೆ ಕ್ಯಾಲೊರಿಯಲ್ಲಿ ಪನೀರ್ ಮೊಝರೆಲ್ಲಾಗೆ ಹೆಚ್ಚುಕಡಿಮೆ ಸರಿಸಮ. ಎರಡೂ ಹಾಕಿದರೆ ಎರಡರ ಲೆಕ್ಕವೂ ಸೇರುತ್ತದೆ.

ಚೈನ್ ಅಂಗಡಿಗಳಿಂದ ಶುರು ಮಾಡುತ್ತೇನೆ. ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಅಂಗಡಿ ಇರುವವರು ಮೆನುವಿನಲ್ಲಿ ಕ್ಯಾಲೊರಿ ಹಾಕಲೇಬೇಕು ಅನ್ನುವ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ 2022ರ ಜುಲೈಯಿಂದ ಜಾರಿಯಲ್ಲಿದೆ. ಆರ್ಡರ್ ಮಾಡುವ ಮೊದಲು ಅದನ್ನು ಓದಿ. ಅಲ್ಲಿ ಬರೆದಿರೋದು ಇಡೀ ಪಿಜ್ಜಾದ ಲೆಕ್ಕವಾ, ಒಂದು ಸರ್ವಿಂಗ್‌ನ ಲೆಕ್ಕವಾ ಅಂತ ನೋಡಿಕೊಳ್ಳಿ. ಸರ್ವಿಂಗ್ ಅಂದರೆ ಒಂದೇ ತುಂಡು ಇದ್ದರೂ ಇರಬಹುದು. ಸಣ್ಣಕ್ಷರದಲ್ಲಿ ಇರುತ್ತದೆ, ಆದರೂ ಇರುತ್ತದೆ. ಬೇಕರಿಯಲ್ಲಿ ಈ ಸೌಲಭ್ಯ ಸಿಗಲ್ಲ.

ತೆಳು ಬೇಸ್‌ನ ಮೀಡಿಯಂ ಪಿಜ್ಜಾದ ಒಂದು ತುಂಡು ನನ್ನ ತಕ್ಕಡಿಯಲ್ಲಿ 50 ಗ್ರಾಂ ತೂಗಿತು. ಒಳಗೆ ಚೀಸ್ ತುಂಬಿದ ಬೇಸ್‌ನ ಅದೇ ಅಳತೆಯ ತುಂಡು 80 ಗ್ರಾಂ. ಪಿಜ್ಜಾ ಸಾಮಾನ್ಯವಾಗಿ 100 ಗ್ರಾಂಗೆ 260–280 ಕ್ಯಾಲೊರಿ ಅಂತ ಹಿಡಿದರೆ ತೆಳು ತುಂಡು 130ರಿಂದ 140, ಚೀಸ್ ತುಂಬಿದ್ದು 210ರಿಂದ 225. ತೆಳುವಿನಲ್ಲಿ ಮೂರು ತುಂಡು ತಿಂದು 400ರ ಆಸುಪಾಸಿನಲ್ಲೇ ಕೈ ತೊಳೆಯಬಹುದು. ಇನ್ನೊಂದರಲ್ಲಿ ಎರಡಕ್ಕೇ ನಿಲ್ಲಿಸಬೇಕು, ಮತ್ತೆ ಆ ಎರಡು ತುಂಡಿಗೆ ಹೊಟ್ಟೆ ತುಂಬಲ್ಲ. ರುಚಿಯಲ್ಲೂ ನನ್ನ ಮತ ತೆಳುವಿಗೇ. ಅಂಚು ಗರಿಗರಿ ಇರುತ್ತದೆ, ಈರುಳ್ಳಿ ಸುಟ್ಟ ವಾಸನೆ ಗೊತ್ತಾಗುತ್ತದೆ. ಚೀಸ್ ತುಂಬಿದ್ದರಲ್ಲಿ ಮೂರನೇ ತುತ್ತಿನ ಹೊತ್ತಿಗೆ ಉಪ್ಪು ಬಿಟ್ಟು ಬೇರೇನೂ ಸಿಗಲ್ಲ.

ಅಳತೆ ವಿಷಯದಲ್ಲೂ ಎಚ್ಚರ ಇರಲಿ. 7 ಇಂಚಿನ ಪಿಜ್ಜಾ ಮತ್ತು 10 ಇಂಚಿನ ಪಿಜ್ಜಾ ನೋಡಲು ಸ್ವಲ್ಪವೇ ವ್ಯತ್ಯಾಸ ಅನಿಸುತ್ತದೆ. ಆದರೆ 10 ಇಂಚಿನದ್ದರ ವಿಸ್ತೀರ್ಣ 7 ಇಂಚಿನದ್ದಕ್ಕಿಂತ ಎರಡು ಪಟ್ಟು. ದುಡ್ಡಿನ ಲೆಕ್ಕದಲ್ಲಿ ದೊಡ್ಡದು ಲಾಭ, ಒಬ್ಬರೇ ತಿನ್ನುವಾಗ ಸಣ್ಣದೇ ಸರಿ. ಮತ್ತೆ ಜೊತೆಗೆ ಬರುವ ಕೋಲಾ. 300 ಎಂ.ಎಲ್ ಕೋಲಾದಲ್ಲಿ 30 ಗ್ರಾಂ ದಾಟಿ ಸಕ್ಕರೆ ಇರುತ್ತದೆ, ಸುಮಾರು 130 ಕ್ಯಾಲೊರಿ. ಒಂದು ತೆಳು ತುಂಡು ಹೆಚ್ಚಿಗೆ ತಿನ್ನುವುದಾ, ಕೋಲಾ ಕುಡಿಯುವುದಾ ಅಂತ ಕೇಳಿದರೆ ನಾನು ತುಂಡನ್ನೇ ಆರಿಸುತ್ತೇನೆ. ಕುಡಿಯಲು ಮನೆಯಲ್ಲಿ ನೀರು ಮಜ್ಜಿಗೆ ಇದ್ದೇ ಇರುತ್ತದಲ್ಲ.

ಇನ್ನು ಬೇಕರಿ ಪಿಜ್ಜಾ. ನಮ್ಮ ಊರಿನ ಹುಡುಗರಿಗೆ ಪಿಜ್ಜಾ ಪರಿಚಯ ಮಾಡಿಸಿದ್ದೇ ಬೇಕರಿ, ಅದಕ್ಕೆ ನನಗೆ ಅದರ ಮೇಲೆ ಪ್ರೀತಿ ಇದೆ. ದಪ್ಪನೆಯ ಮೆತ್ತನೆಯ ಬೇಸು, ಸಿಹಿ ಸಿಹಿ ಟೊಮೆಟೊ ಸಾಸು, ಎಲೆಕೋಸು, ಕ್ಯಾರೆಟ್ಟು, ತುರಿದ ಚೀಸು, ಕೊನೆಗೆ ಮೇಲೆ ಅಡ್ಡಾದಿಡ್ಡಿ ಎಳೆದ ಮೇಯೊನೀಸು. ಬೇಸೇ 120 ಗ್ರಾಂ ತೂಗಿತು. ಅದರಿಂದ 320, ಚೀಸಿಂದ 120, ಮೇಯೊನೀಸಿಂದ 100, ಸಾಸು ತರಕಾರಿ ಸೇರಿ 50. ಒಟ್ಟು 600ರ ಹತ್ತಿರ. ಆ ಮೇಯೊನೀಸ್ ನೋಡಲು ಒಂದು ದೊಡ್ಡ ಚಮಚದಷ್ಟೇ ಇರುತ್ತದೆ. ಮುಕ್ಕಾಲು ಪಾಲು ಎಣ್ಣೆಯೇ ಆಗಿರೋದರಿಂದ ಅಷ್ಟೊಂದು ಕ್ಯಾಲೊರಿ.

ಬೇಕರಿಯವರ ಹತ್ತಿರ ಬಾಯಿಬಿಟ್ಟು ಹೇಳಿದರೆ ಕೇಳುತ್ತಾರೆ, ಇದು ಚೈನ್ ಅಂಗಡಿಗಿಂತ ಮೇಲು. "ಅಣ್ಣಾ, ಮೇಯೊ ಬ್ಯಾಡ, ಸಾಸ್ ಕಡಿಮೆ, ಈರುಳ್ಳಿ ಜಾಸ್ತಿ ಹಾಕಿ" ಅಂದರೆ ಹಾಗೇ ಮಾಡಿಕೊಡುತ್ತಾರೆ. ಅಲ್ಲಿಗೇ 100ಕ್ಕೂ ಹೆಚ್ಚು ಕ್ಯಾಲೊರಿ ಉಳಿಯಿತು. ಉಳಿದದ್ದು 480, ನನ್ನ ರಾತ್ರಿ ಲೆಕ್ಕಕ್ಕೆ ಕೂರುತ್ತದೆ. ಆದರೆ ಮೈದಾ ಬೇಸು ಬೇಗ ಕರಗಿಹೋಗುತ್ತದೆ. ಎಂಟು ಗಂಟೆಗೆ ತಿಂದರೆ ಹತ್ತೂವರೆಗೆ ನನಗೆ ಮತ್ತೆ ಹಸಿವು. ಮೈದಾದಲ್ಲಿ ನಾರು ಬಹಳ ಕಡಿಮೆ. ಗೋಧಿ ಹಿಟ್ಟಲ್ಲಿ, ಜೋಳದ ಹಿಟ್ಟಲ್ಲಿ ಅದರ ಮೂರು ಪಟ್ಟಿಗಿಂತ ಜಾಸ್ತಿ ಇರುತ್ತದೆ. ಈ ವ್ಯತ್ಯಾಸ ಹೊಟ್ಟೆಗೆ ಚೆನ್ನಾಗಿ ಗೊತ್ತಾಗುತ್ತದೆ.

ಡಯೆಟ್ ಮಾಡುವವರು ಬಹಳ ಹೊಗಳುವ ಹೂಕೋಸಿನ ಬೇಸನ್ನೂ ಮಾಡಿ ನೋಡಿದೆ. ಕೋಸು ತುರಿಯಬೇಕು, ಬೇಯಿಸಬೇಕು, ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡಬೇಕು, ಅಂಟಿಕೊಳ್ಳಲಿ ಅಂತ ಮೊಟ್ಟೆ, ಚೀಸು ಸೇರಿಸಬೇಕು. ಲೆಕ್ಕ ಹಾಕಿ: 200 ಗ್ರಾಂ ಹೂಕೋಸಿಗೆ 50, ಒಂದು ಮೊಟ್ಟೆಗೆ 70, 30 ಗ್ರಾಂ ಚೀಸಿಗೆ 85. ಒಟ್ಟು 205. 60 ಗ್ರಾಂ ಗೋಧಿ ಹಿಟ್ಟಿನ ಬೇಸೂ 200ರಷ್ಟೇ! ಪ್ರೊಟೀನ್ ಜಾಸ್ತಿ ಬೇಕು ಅನ್ನುವವರಿಗೆ, ಸಕ್ಕರೆ ಕಾಯಿಲೆಗೆ ಹಿಟ್ಟಿನ ಪದಾರ್ಥ ಕಡಿಮೆ ಮಾಡಿದವರಿಗೆ ಇದು ಒಳ್ಳೆಯದೇ. ಬರೀ ಕ್ಯಾಲೊರಿಗೋಸ್ಕರ ಇಷ್ಟು ಒದ್ದಾಡುವ ಅಗತ್ಯ ಇಲ್ಲ.

ಖಡಕ್ ರೊಟ್ಟಿ ಪಿಜ್ಜಾ ಬಗ್ಗೆ ನನಗೆ ನಿಜವಾಗಿಯೂ ಉತ್ಸಾಹ ಇದೆ. ದಾವಣಗೆರೆಯಲ್ಲಿ ಖಡಕ್ ರೊಟ್ಟಿ ಸಿಗದ ಬೀದಿ ಇಲ್ಲ. ಒಂದು ರೊಟ್ಟಿ 35 ಗ್ರಾಂ ತೂಗಿತು, ಅಂದರೆ ಸುಮಾರು 120 ಕ್ಯಾಲೊರಿ. ಮೇಲೆ 30 ಗ್ರಾಂ ಮೊಝರೆಲ್ಲಾ, ಸಾಸು, ತರಕಾರಿ. ಎಲ್ಲ ಸೇರಿ 235. ಎರಡು ತಿಂದರೂ 470. ಎರಡು ಇಡೀ ರೊಟ್ಟಿಯಷ್ಟು ಅಗಲದ ಪಿಜ್ಜಾ ತಟ್ಟೆಯಲ್ಲಿ ಇದ್ದರೆ ಕಣ್ಣಿಗೂ ತೃಪ್ತಿ.

ತೊಂದರೆ ಇರೋದು ಒದ್ದೆಯಾಗುವುದರಲ್ಲಿ. ಸಾಸು ಮೊದಲು ಹಚ್ಚಿದರೆ ಎರಡೇ ನಿಮಿಷಕ್ಕೆ ರೊಟ್ಟಿ ಮೆತ್ತಗಾಗಿ, ಕೈಯಲ್ಲಿ ಎತ್ತಿದರೆ ನಡುವೆ ಮುರಿಯುತ್ತದೆ. ಅದಕ್ಕೆ ಮೊದಲು ಚೀಸು ಉದುರಿಸಬೇಕು. ಅದು ಕರಗಿ ರೊಟ್ಟಿ ಮೇಲೆ ಒಂದು ಪದರ ಕಟ್ಟುತ್ತದೆ. ಅದರ ಮೇಲೆ ಚೆನ್ನಾಗಿ ಗಟ್ಟಿ ಮಾಡಿದ ಸಾಸನ್ನು ಚುಕ್ಕೆ ಚುಕ್ಕೆಯಾಗಿ ಇಡಬೇಕು. ಮಾಡಿದ ತಕ್ಷಣ ತಿನ್ನಬೇಕು. ಹೀಗೆ ಮಾಡಿದಾಗ ಕರುಂ ಕುರುಂ ಅನ್ನುವ ಸದ್ದು ಯಾವ ತೆಳು ಬೇಸಿಗೂ ಕಡಿಮೆ ಇಲ್ಲ. ನಮ್ಮ ಅತ್ತೆ ಮಾತ್ರ ಒಂದು ತುಂಡು ತಿಂದು, "ಏನವ್ವಾ, ರೊಟ್ಟಿಗೆ ಶೇಂಗಾ ಚಟ್ನಿ ಬಿಟ್ಟು ಇದೆಲ್ಲ ಯಾಕೆ ಬೇಕು?" ಅಂದರು. ಅವರ ಮಾತಲ್ಲಿ ಒಂದು ಸತ್ಯ ಇದೆ. ಜೋಳದ ರುಚಿ ಮುಂದೆ ನಿಲ್ಲುತ್ತದೆ, ಚೀಸು ಹಿಂದೆ ಸರಿಯುತ್ತದೆ. ಗೋಧಿ ಹಿಟ್ಟಿಗೆ ಅಂಟು, ಎಳೆತ ಕೊಡುವ ಗ್ಲುಟನ್ ಅನ್ನುವ ಪ್ರೊಟೀನ್ ಜೋಳದಲ್ಲಿ ಇಲ್ಲ, ಹಾಗಾಗಿ ಪಿಜ್ಜಾ ಬೇಸಿನ ಆ ಎಳೆದು ಕಚ್ಚುವ ಗುಣ ಬರಲ್ಲ. ಗೋಧಿ, ಮೈದಾ ಆಗದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಬೇರೆ ಹಿಟ್ಟು ಬೆರೆಸಿಲ್ಲ ಅಂತ ಮಾಡಿದವರನ್ನು ಕೇಳಿಕೊಂಡರೆ ಸಾಕು. ಉಳಿದವರಿಗೆ ಇದು ಒಳ್ಳೆಯ ತಿಂಡಿ, ಪೂರ್ತಿ ಪಿಜ್ಜಾ ಅಲ್ಲ.

ನನ್ನ ಪ್ರಕಾರ ಗೆಲ್ಲುವುದು ಗೋಧಿ ಹಿಟ್ಟಿನ ಹಂಚಿನ ಪಿಜ್ಜಾ. ಓವನ್ ಬೇಡ. ಇಟಲಿಯ ನೇಪಲ್ಸ್‌ನ ಭಟ್ಟಿಯಲ್ಲಿ 450 ಡಿಗ್ರಿ ಸೆಲ್ಸಿಯಸ್ ಆಚೀಚೆ ಬಿಸಿ ಇರುತ್ತದೆ, ಒಂದೂವರೆ ನಿಮಿಷದ ಒಳಗೆ ಪಿಜ್ಜಾ ಬೆಂದು ಹೊರಗೆ ಬರುತ್ತದೆ. ನಮ್ಮ ಮನೆಯ ಸಣ್ಣ ಓವನ್ 250ಕ್ಕೆ ನಿಲ್ಲುತ್ತದೆ. ಅದರಲ್ಲಿ ಹೊತ್ತು ಹಿಡಿದು ಬೇಸು ಬಿಸ್ಕತ್ತಿನಂತೆ ಒಣಗುತ್ತದೆ. ಅದಕ್ಕಿಂತ ಚೆನ್ನಾಗಿ ಕಾದ ಕಬ್ಬಿಣದ ದೋಸೆ ಹಂಚೇ ವಾಸಿ.

ಒಬ್ಬರಿಗೆ 60 ಗ್ರಾಂ ಗೋಧಿ ಹಿಟ್ಟು, ಚಿಟಿಕೆ ಯೀಸ್ಟ್, ಉಪ್ಪು, ನೀರು. ಚಪಾತಿ ಹಿಟ್ಟಿಗಿಂತ ಸಡಿಲ ಇರಬೇಕು, ಕೈಗೆ ಸ್ವಲ್ಪ ಅಂಟಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಹೊರಗಿಟ್ಟರೆ ಬಹಳ ಬೇಗ ಉಬ್ಬಿ ಹುಳಿಯಾಗುತ್ತದೆ. ಹಿಂದಿನ ರಾತ್ರಿಯೇ ಕಲಸಿ ಫ್ರಿಜ್‌ನಲ್ಲಿ ಇಟ್ಟರೆ ನಿಧಾನಕ್ಕೆ ಉಬ್ಬುತ್ತದೆ, ರುಚಿಯೂ ಹೆಚ್ಚು. ಎಂಟು ಇಂಚು ಅಗಲಕ್ಕೆ ತಟ್ಟಿ, ಫೋರ್ಕಿನಿಂದ ಚುಚ್ಚಿ, ಕಾದ ಹಂಚಿಗೆ ಹಾಕಿ. ಒಂದು ಕಡೆ ಕಂದು ಚುಕ್ಕೆ ಬಂದ ಮೇಲೆ ಮಗುಚಿ. ಬೆಂದ ಕಡೆ ಮೇಲೆ ಬಂತಲ್ಲ, ಅದರ ಮೇಲೆ ಸಾಸು, ತರಕಾರಿ, 40 ಗ್ರಾಂ ಸಣ್ಣಗೆ ತುರಿದ ಮೊಝರೆಲ್ಲಾ. ಉರಿ ಸಣ್ಣ ಮಾಡಿ, ಹಂಚಿನ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ತಕ್ಷಣ ಮುಚ್ಚಿ. ಆ ಹಬೆಗೆ ಚೀಸು ಒಂದು ನಿಮಿಷದಲ್ಲಿ ಕರಗಿ ಹೊಳೆಯುತ್ತದೆ. ಆಮೇಲೆ ಮುಚ್ಚಳ ತೆಗೆದು ಇನ್ನೊಂದು ನಿಮಿಷ ಬಿಟ್ಟರೆ ಅಡಿ ಗರಿಗರಿ. ಮುಚ್ಚಳ ಹಾಗೇ ಬಿಟ್ಟರೆ ಅದರ ಬೆವರು ಚೀಸಿನ ಮೇಲೆ ತೊಟ್ಟಿಕ್ಕಿ ಎಲ್ಲ ನೀರು ನೀರಾಗುತ್ತದೆ.

ಚೀಸು ತುರಿಯುವುದು ಬಹಳ ಮುಖ್ಯ. ಅದೇ 40 ಗ್ರಾಂ ತುಂಡು ಮಾಡಿ ಹಾಕಿದರೆ ಅಲ್ಲಲ್ಲಿ ಮಾತ್ರ ಸಿಗುತ್ತದೆ, ಸಣ್ಣಗೆ ತುರಿದರೆ ಪ್ರತಿ ತುತ್ತಿಗೂ ಎಳೆ ಬರುತ್ತದೆ. ಅಗ್ಗದ ಪ್ಯಾಕೆಟ್‌ಗಳ ಹಿಂಬದಿ ಓದಿ. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆ ಹಾಕಿದ್ದರೆ ಅದನ್ನು ಅನಲಾಗ್ ಅಂತ ಬರೆದಿರುತ್ತಾರೆ. ಯಾವ ಕೊಬ್ಬಾದರೂ ಗ್ರಾಂಗೆ 9 ಕ್ಯಾಲೊರಿಯೇ. ರುಚಿ ಬಿಟ್ಟುಕೊಟ್ಟರೂ ಲೆಕ್ಕದಲ್ಲಿ ಏನೂ ಉಳಿಯಲ್ಲ. ನಿಜವಾದ ಮೊಝರೆಲ್ಲಾ ಕೊಂಡು ಕಡಿಮೆ ಹಾಕಿ ಅನ್ನೋದು ನನ್ನ ಮಾತು.

ಸಾಸಿಗೆ ಎರಡು ಟೊಮೆಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಬ್ಯಾಡಗಿ ಮೆಣಸಿನಕಾಯಿ ರುಬ್ಬಿ, ಒಂದು ಸಣ್ಣ ಚಮಚ ಎಣ್ಣೆಯಲ್ಲಿ ನೀರು ಆರುವವರೆಗೆ ಬಾಡಿಸಿದರೆ ಮುಗಿಯಿತು. ಬಾಟಲಿ ಕೆಚಪ್‌ನಲ್ಲಿ ಸುಮಾರು ಕಾಲು ಭಾಗ ಸಕ್ಕರೆಯೇ ಇರುತ್ತದೆ, ಅದು ಬೇಡ. ಹಿಟ್ಟು 200, ಚೀಸು 115, ಎಣ್ಣೆ 45, ಸಾಸು ತರಕಾರಿ 45. ಒಟ್ಟು 405. ಜೊತೆಗೆ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಇಟ್ಟುಕೊಂಡರೆ 475. ಮರುದಿನ ಬೆಳಿಗ್ಗೆವರೆಗೂ ಹಸಿವಿನ ಮಾತೇ ಇಲ್ಲ.

'ಪಿಜ್ಜಾ ಯಾಕೆ, ನಮ್ಮ ಬೆಣ್ಣೆ ದೋಸೆ ತಿನ್ನಿ' ಅನ್ನುವವರು ಊರಲ್ಲಿ ಬಹಳ ಜನ ಇದ್ದಾರೆ. ಬೆಣ್ಣೆ ದೋಸೆ ಅಂದರೆ ನನಗೂ ಪ್ರಾಣ. ಆದರೆ ಕ್ಯಾಲೊರಿ ಉಳಿಸುವುದಕ್ಕೆ ಅದು ದಾರಿ ಅಲ್ಲ. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ. ದೋಸೆಗೆ ಎರಡು ಚಮಚ ಅಂತ ಹಿಡಿದರೂ ಎರಡು ದೋಸೆಗೆ ಬರೀ ಬೆಣ್ಣೆಯಿಂದಲೇ 400. ದೋಸೆ, ಪಲ್ಯ, ಕಾಯಿ ಚಟ್ನಿ ಲೆಕ್ಕ ಬೇರೆ. ಹಾಗೇ, 'ತಿಂದು ಕುಂದವಾಡ ಕೆರೆ ಸುತ್ತಿದರೆ ಆಯ್ತು' ಅನ್ನೋದೂ ಪೂರ್ತಿ ಸರಿಯಲ್ಲ. ಒಂದು ಗಂಟೆ ಚುರುಕಾಗಿ ನಡೆದರೆ ಕರಗುವುದು 250ರ ಆಸುಪಾಸು, ಅಂದರೆ ಎರಡು ತೆಳು ತುಂಡು.

ಹಾಗಾದರೆ ಯಾರಿಗೆ ಯಾವುದು? ಗೆಳತಿಯರ ಜೊತೆ ಹೊರಗೆ ಹೋದಾಗ ನಾನು ತೆಳು ಬೇಸಿನ ಮೀಡಿಯಂ ಹಂಚಿಕೊಳ್ಳುತ್ತೇನೆ. ಕಾಲೇಜು ಹುಡುಗರು ಕಡಿಮೆ ದುಡ್ಡಿಗೆ ತಿನ್ನಬೇಕು ಅಂದರೆ ಬೇಕರಿಯದ್ದೇ ಸರಿ, ಮೇಯೊ ಬಿಡಲಿ. ಸಂಜೆ ಏನಾದರೂ ಬೇಕು ಅನಿಸಿದರೆ ಒಂದು ಖಡಕ್ ರೊಟ್ಟಿ ಪಿಜ್ಜಾ. ರಾತ್ರಿ ಊಟಕ್ಕೆ ಮಾತ್ರ ಹಂಚಿನದ್ದೇ. ಯಾವುದಾದರೂ ಅದನ್ನೇ ಊಟ ಅಂತ ತಿನ್ನಿ. ಆರು ಗಂಟೆಗೆ ಪಿಜ್ಜಾ, ಒಂಬತ್ತಕ್ಕೆ ಅನ್ನ ಸಾರು ಅಂದರೆ ಈ ಲೆಕ್ಕ ಯಾವುದೂ ನಿಲ್ಲಲ್ಲ.

ಹಿಟ್ಟನ್ನು ಭಾನುವಾರ ನಾಲ್ಕು ಉಂಡೆ ಆಗುವಷ್ಟು ಕಲಸಿಡಬಹುದು. ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಹಂಚಿಗೆ ಹಾಕುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ಇಲ್ಲದಿದ್ದರೆ ತಟ್ಟುವಾಗ ಹಿಂದಕ್ಕೆ ಎಳೆಯುತ್ತದೆ.