ಸೂಜಿ ತೋರಿಸುವ ಕ್ಯಾಮೆರಾ, ದೀಪ ಹೊತ್ತಿಸುವ ಕ್ಯಾಮೆರಾ

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಬೇಕೆಂದು ಯಾರನ್ನಾದರೂ ಕೇಳಿ ನೋಡಿ, ಮೊದಲು ಬರುವ ಹೆಸರು ಪೆಂಟಾಕ್ಸ್ ಕೆ1000. ಅದರ ಬೆಲೆ ಕೇಳಿ ಹಿಂದೆ ಸರಿದವರ ಕಣ್ಣು ಯಾಶಿಕಾ ಎಲೆಕ್ಟ್ರೋ 35ರ ಮೇಲೆ ಬೀಳುತ್ತದೆ. ಇನ್ನೂ ಅಗ್ಗಕ್ಕೆ ಇಳಿದರೆ ಸೋವಿಯತ್ ಕಾಲದ ಜೆನಿತ್-ಇ. ಮೂರನ್ನೂ ಒಂದೇ ಬಗೆಯ ಫಿಲ್ಮ್ ಹಾಕಿ, ಬೆಂಗಳೂರಿನ ಪೇಟೆ ಬೀದಿಗಳಿಂದ ಹಳೇಬೀಡಿನವರೆಗೆ ಹೊತ್ತು ತಿರುಗಿದ್ದೇನೆ. ಚಿತ್ರದ ಸ್ಪಷ್ಟತೆಯಲ್ಲಿ ಇವುಗಳ ನಡುವೆ ಜಗಳ ಹಚ್ಚುವುದು ವ್ಯರ್ಥ. ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಅಂದರೆ ಅಪರ್ಚರ್, ಎಫ್8ಕ್ಕೆ ಬಂದರೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಕಿರಿದು) ಮೂರರ ಲೆನ್ಸೂ ಸಾಕಷ್ಟು ಚೂಪು. ಬೆಳಕನ್ನು ಅಳೆದು ತೀರ್ಮಾನಿಸುವವರು ಯಾರು, ಕ್ಯಾಮೆರಾವೋ ನಾವೋ ಎಂಬಲ್ಲಿ ಇವುಗಳ ದಾರಿ ಬೇರೆಯಾಗುತ್ತದೆ.

ಕೆ1000 ಮಾರುಕಟ್ಟೆಯಲ್ಲಿದ್ದದ್ದು 1976ರಿಂದ 1997ರವರೆಗೆ. ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗ್‌ನಲ್ಲಿ, ಕೊನೆಗೆ ಚೀನಾದಲ್ಲಿ ತಯಾರಾಯಿತು. ಚೀನಾದ್ದರಲ್ಲಿ ಪ್ಲಾಸ್ಟಿಕ್ ಹೆಚ್ಚು. ಫಿಲ್ಮಿಗೆ ಬೆಳಕು ಬಿಡುವ ಪರದೆ, ಅಂದರೆ ಷಟರ್, ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಅದೂ ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಎಲ್‌ಆರ್44. ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಬಲಬದಿಯಲ್ಲಿ ಒಂದು ಸೂಜಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಪರ್ಚರನ್ನೋ ಷಟರ್ ವೇಗವನ್ನೋ ತಿರುಗಿಸಿ ಅದನ್ನು ನಡುವೆ ನಿಲ್ಲಿಸಿದರೆ ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಬೇಕಾದಷ್ಟು ಬೆಳಕು, ಸಿದ್ಧ. ಮೀಟರಿಗೆ ಸ್ವಿಚ್ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲೆ ಮಾಡುವುದೇ ಅದನ್ನು ಆರಿಸುವ ವಿಧಾನ.

ಎಲೆಕ್ಟ್ರೋ 35 ಹುಟ್ಟಿದ್ದು 1966ರಲ್ಲಿ. ನನ್ನ ಬಳಿ ಇರುವುದು 1973ರಲ್ಲಿ ಬಂದ ಜಿಎಸ್‌ಎನ್ ಮಾದರಿ, 45 ಮಿ.ಮೀ. ಎಫ್1.7 ಲೆನ್ಸ್ ಇದರಲ್ಲಿ ಕಾಯಂ, ಬದಲಿಸುವಂತಿಲ್ಲ. ಅಪರ್ಚರನ್ನು ನಾವು ಆರಿಸಿದರೆ ಷಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಕ್ಯಾಮೆರಾ ನಿರ್ಧರಿಸುತ್ತದೆ. ಎಷ್ಟು ಹೊತ್ತು ಎಂದು ನಮಗೆ ತಿಳಿಸುವ ಸೌಜನ್ಯ ಮಾತ್ರ ಅದಕ್ಕಿಲ್ಲ. ಗುಂಡಿಯನ್ನು ಅರ್ಧ ಒತ್ತಿದಾಗ ಹಳದಿ ದೀಪ ಹೊತ್ತಿದರೆ ವೇಗ ಸೆಕೆಂಡಿನ 1/30ಕ್ಕಿಂತ ಕಡಿಮೆ, ಕೈ ಅಲುಗೀತು ಎಂದರ್ಥ. ಕೆಂಪು ಹೊತ್ತಿದರೆ ಬೆಳಕು ಅತಿಯಾಯಿತು. ಎರಡೂ ಹೊತ್ತದಿದ್ದರೆ ನಂಬಿ ಒತ್ತುವುದು.

ಈ ನಂಬಿಕೆ ಕೈಕೊಡುವುದು ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ. ಹಳೇಬೀಡಿನ ಗುಡಿಯ ಚಾವಣಿಯಡಿ ನಿಂತ ಗೆಳೆಯ, ಅವನ ಹಿಂದೆ ಬೆಳ್ಳಗೆ ಉರಿಯುವ ಆಕಾಶ. ಎಲೆಕ್ಟ್ರೋದ ಬೆಳಕಿನ ಕಣ್ಣು ಲೆನ್ಸಿನ ಒಳಗಿಲ್ಲ, ಮುಂಭಾಗದಲ್ಲಿ ಬೇರೆಯಾಗಿದೆ. ಅದು ಆಕಾಶವನ್ನೇ ಲೆಕ್ಕಕ್ಕೆ ಹಿಡಿದು ಗೆಳೆಯನನ್ನು ಕಪ್ಪು ಬೊಂಬೆಯಾಗಿಸಿತು. ಇದಕ್ಕೆ ಉಪಾಯವಿದೆ. 200ರ ಫಿಲ್ಮ್ ಇದ್ದರೆ, ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಕ್ಯಾಮೆರಾಗೆ ತಿಳಿಸುವ ಎಎಸ್‌ಎ ಚಕ್ರವನ್ನು 100ಕ್ಕೋ 50ಕ್ಕೋ ಇಳಿಸಿ ಕ್ಯಾಮೆರಾವನ್ನು ಮೋಸಗೊಳಿಸಬೇಕು, ತೆಗೆದ ಮೇಲೆ ಮರೆಯದೆ ಮತ್ತೆ 200ಕ್ಕೆ ತರಬೇಕು. ಕೆ1000ರ ಮೀಟರೂ ಆಕಾಶಕ್ಕೆ ಮರುಳಾಗುವಂಥದ್ದೇ. ಆದರೆ ಅಲ್ಲಿ ಕ್ಯಾಮೆರಾವನ್ನು ನೆರಳಿನ ಕಲ್ಲಿನ ಕಡೆ ತಿರುಗಿಸಿ, ಸೂಜಿಯನ್ನು ನಡುವೆ ನಿಲ್ಲಿಸಿ, ಮತ್ತೆ ಗೆಳೆಯನ ಮುಖಕ್ಕೆ ತಂದರೆ ಕೆಲಸ ಮುಗಿಯಿತು. ಶಿಲ್ಪ, ಗುಡಿ, ಎದುರು ಬಿಸಿಲು ನಿಮ್ಮ ಆಸಕ್ತಿಯಾದರೆ ಬೇರೆ ಯೋಚನೆಯೇ ಬೇಡ, ಕೆ1000.

ಇನ್ನೊಂದು ತೊಡಕು ವೇಗದ್ದು. 400ರ ಫಿಲ್ಮ್ ಹಾಕಿ ಸುಡುಬಿಸಿಲಿಗೆ ಹೋದರೆ ಎಲೆಕ್ಟ್ರೋಗೆ ಎಫ್16, 1/500 ಕೊನೆಯ ಮಿತಿ. ಅಪರ್ಚರ್ ಸ್ವಲ್ಪ ತೆರೆದರೂ ಕೆಂಪು ದೀಪ. ಕೆ1000ದಲ್ಲಿ 1/1000 ಇರುವುದರಿಂದ ಒಂದು ಮೆಟ್ಟಿಲು ಹೆಚ್ಚು ಉಸಿರಾಟ.

ಕತ್ತಲಾದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಮನೆಯೊಳಗಿನ ಪೂಜೆ, ಹಸೆಮಣೆಯ ಮುಂದಿನ ಗಡಿಬಿಡಿ, ಇಲ್ಲೆಲ್ಲ ವ್ಯೂಫೈಂಡರಿಗೆ ಚಿತ್ರ ತೋರಿಸುವ ಕೆ1000ರ ಒಳಗನ್ನಡಿ ಏರಿಳಿಯುವ ಸದ್ದಿಗೆ ಜನ ತಿರುಗಿ ನೋಡುತ್ತಾರೆ, ಮುಖಭಾವ ಬದಲಾಗಿಬಿಡುತ್ತದೆ. ಎಲೆಕ್ಟ್ರೋದಲ್ಲಿ ಕನ್ನಡಿ ಇಲ್ಲ, ಲೆನ್ಸಿನೊಳಗಿನ ಎಲೆ ಷಟರಿನ ಸದ್ದು ಪಕ್ಕದವರಿಗೂ ಕೇಳಿಸದು. ಮೈಸೂರು ಅರಮನೆಯ ಭಾನುವಾರದ ದೀಪಾಲಂಕಾರವನ್ನು ಟ್ರೈಪಾಡಿನ ಮೇಲಿಟ್ಟು ತೆಗೆದಾಗ ಎಷ್ಟು ಸೆಕೆಂಡು ಬೇಕೆಂದು ಎಲೆಕ್ಟ್ರೋ ತಾನೇ ಎಣಿಸಿಕೊಂಡಿತು. 30 ಸೆಕೆಂಡಿನವರೆಗೂ ಎಣಿಸಬಲ್ಲದು. ಕೆ1000ದಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ವೇಗದ ಚಕ್ರವನ್ನು ‘ಬಿ’ಗೆ ಇಟ್ಟು, ಗುಂಡಿಯನ್ನು ಒತ್ತಿ ಹಿಡಿದು ಬಾಯಲ್ಲಿ ಎಣಿಸಬೇಕು.

ಕೊಳ್ಳುವಾಗಿನ ಅಪಾಯ ಎಲೆಕ್ಟ್ರೋದಲ್ಲೇ ಹೆಚ್ಚು. ಫಿಲ್ಮ್ ಸುತ್ತುವ ಸನ್ನೆ ಎಳೆದಾಗ ಒಳಗಿನಿಂದ ‘ಟಕ್’ ಎಂಬ ಸದ್ದು ಬರಬೇಕು. ಬರದಿದ್ದರೆ ಒಳಗಿನ ಪುಟ್ಟ ರಬ್ಬರ್ ಮೆತ್ತೆ ಕರಗಿಹೋಗಿದೆ, ವೇಗಗಳು ನಂಬಲರ್ಹವಲ್ಲ. ಮೂಲತಃ 5.6 ವೋಲ್ಟಿನ ಪಾದರಸದ ಬ್ಯಾಟರಿ, ಈಗ ಸಿಗುವುದಿಲ್ಲ. 4ಎಲ್‌ಆರ್44 ಬ್ಯಾಟರಿಗೆ ಒಂದು ಅಡಾಪ್ಟರ್ ಜೋಡಿಸಿದರೆ ನಡೆಯುತ್ತದೆ, ನನ್ನ ನೆಗೆಟಿವ್‌ಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾವುದೇ ಕ್ಯಾಮೆರಾ ಆಗಲಿ, ಟಾರ್ಚ್ ಹಿಡಿದು ಲೆನ್ಸಿನೊಳಗೆ ಬೂಷ್ಟು ಇದೆಯೇ ನೋಡಿ. ಮಲೆನಾಡು, ಕರಾವಳಿಯ ಮನೆಗಳ ಕಪಾಟಿನಿಂದ ಬಂದ ಲೆನ್ಸುಗಳಲ್ಲಿ ಜೇಡರ ಬಲೆಯಂಥ ಎಳೆಗಳು ಸಾಮಾನ್ಯ. ಹಿಂಬದಿ ಬಾಗಿಲಿನ ಫೋಮ್ ಅಂಟಂಟಾಗಿದ್ದರೆ ಹೆದರಬೇಕಿಲ್ಲ, ಬದಲಿಸಬಹುದು. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಬಾಗಿಲು ತೆರೆದು ನೋಡಲು ಬಿಡದವರ ಬಳಿ ನಾನು ಚೌಕಾಸಿಯನ್ನೂ ಮಾಡುವುದಿಲ್ಲ.

ಕ್ಯಾಮೆರಾದ ಬೆಲೆ ಒಮ್ಮೆಯದು, ಫಿಲ್ಮಿನದು ಪ್ರತಿ ಸಲದ್ದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲ್‌ಗಳ ಕಾಲ ಮುಗಿಯಿತು, ಈಗ ಆಮದಿನದ್ದೇ ಗತಿ. 36 ಚಿತ್ರಗಳಲ್ಲಿ ಹಾಳಾದವು ಎಷ್ಟು ಎಂಬುದು ಹಾಗಾಗಿ ನೇರ ಹಣದ ಪ್ರಶ್ನೆ. ಹಗಲಿನಲ್ಲಿ ಕೆ1000ರಲ್ಲಿ ಕಡಿಮೆ ಹಾಳಾಗುತ್ತವೆ, ಮನೆಯೊಳಗೆ ಎಲೆಕ್ಟ್ರೋದಲ್ಲಿ.

ಜೆನಿತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೇಗ 1/30ರಿಂದ 1/500 ಅಷ್ಟೇ, ಅದರ ಸೆಲೆನಿಯಂ ಮೀಟರಿಗೆ ಬ್ಯಾಟರಿ ಬೇಡವಾದರೂ ವಯಸ್ಸಾಗಿ ಸತ್ತಿರುವುದೇ ಹೆಚ್ಚು, ವ್ಯೂಫೈಂಡರಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಜಾಗ ಫಿಲ್ಮಿನಲ್ಲಿ ಬರುತ್ತದೆ. ಆದರೆ ಅದರ ಹೀಲಿಯೋಸ್ 44-2 ಲೆನ್ಸ್ ಹಿಂಬದಿಯ ಎಲೆಗೊಂಚಲನ್ನು ಸುಳಿಸುಳಿಯಾಗಿ ಕರಗಿಸುವ ಚೆಂದ ಉಳಿದೆರಡಕ್ಕೂ ಇಲ್ಲ. ಅಗ್ಗಕ್ಕೆ ಸಿಕ್ಕರೆ ಜೆನಿತ್ ಕೊಳ್ಳಿ, ಲೆನ್ಸ್ ಬಿಚ್ಚಿ ಅದರ ತಿರುಪಿಗೆ ಹೊಂದುವ ಎಂ42 ಅಡಾಪ್ಟರ್ ಉಂಗುರ ಹಾಕಿ ಕೆ1000ಕ್ಕೆ ತೊಡಿಸಿ. ದೂರದ ಬೆಟ್ಟಕ್ಕೂ ಫೋಕಸ್ ಸರಿಯಾಗಿ ನಿಲ್ಲುತ್ತದೆ, ಅಪರ್ಚರ್ ಕಿರಿದು ಮಾಡಿ ನೋಡಿದರೆ ಸೂಜಿಯೂ ಕೆಲಸ ಮಾಡುತ್ತದೆ.