ಅಳಿವೆಯ ಗಾಳಕ್ಕೆ ತಂಗೂಸಿಯೋ, ಬ್ರೇಡೋ?

ಗಂಗೊಳ್ಳಿಯ ಪಂಚಗಂಗಾವಳಿಯಂಥ ಅಳಿವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಕೆಂಬೇರಿ, ಕುರುಡಿ ಮೀನು ಹಿಡಿಯಲು ರಾಡು ರೀಲು ಹೊತ್ತು ಹೋಗುವವರಿಗೆ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರವೇ ಸರಿ. ನನ್ನ ರೀಲಿಗೆ ಇನ್ನು ಪೂರ್ತಿ ತಂಗೂಸಿ, ಅಂದರೆ ಒಂದೇ ಎಳೆಯ ನೈಲಾನ್ ದಾರ, ಸುತ್ತುವ ಯೋಚನೆ ನನಗಿಲ್ಲ. ಹಾಗಂತ ತಂಗೂಸಿಯ ಕೆಲಸ ಮುಗಿದಿಲ್ಲ. ಬ್ರೇಡಿನ ತುದಿಗೂ ಅದು ಬೇಕು, ರೀಲಿನಲ್ಲಿ ಬ್ರೇಡಿನ ಅಡಿಗೂ ಬೇಕು. ತುದಿಯ ವಿಷಯ ಎಲ್ಲರಿಗೂ ಗೊತ್ತು. ಅಡಿಯ ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಒಳ್ಳೆಯ ದಾರಕ್ಕೆ ಕೆಟ್ಟ ಹೆಸರು ತರುತ್ತಾರೆ.

ನಾನು ಎದುರುಬದುರು ಇಟ್ಟು ನೋಡಿದ್ದು 0.35 ಮಿ.ಮೀ. ತಂಗೂಸಿ ಮತ್ತು ಪಿಇ 1.5 ನಂಬರಿನ (ಪಿಇ ನಂಬರು ಅಂದರೆ ಬ್ರೇಡಿನ ದಪ್ಪದ ಅಳತೆ) ಬ್ರೇಡ್. ಎರಡಕ್ಕೂ ಏಳಡಿ ರಾಡು, 3000 ಗಾತ್ರದ ರೀಲು. ಬ್ರೇಡಿನ ದಪ್ಪ 0.2 ಮಿ.ಮೀ. ಆಸುಪಾಸು, ತಾಕತ್ತು ಮಾತ್ರ ತಂಗೂಸಿಗಿಂತ ಹೆಚ್ಚು.

ಈ ದಪ್ಪದ ವ್ಯತ್ಯಾಸ ನೀರಿನ ಎಳೆತದಲ್ಲಿ ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹಿಂದೆ ಮುಂದೆ ಇಳಿತದ ನಡುವಿನ ಗಂಟೆಗಳಲ್ಲಿ ಹೊಳೆಯ ಕವಲುಗಳಲ್ಲಿ ನೀರು ಬಲವಾಗಿ ಓಡುತ್ತದೆ. ತಂಗೂಸಿ ದಪ್ಪವಾದ್ದರಿಂದ ನೀರು ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಗಾಳವನ್ನು ನೆಲದಿಂದ ಎತ್ತಿಬಿಡುತ್ತದೆ. ನೆಲ ಮುಟ್ಟಿಸಲು 14 ಗ್ರಾಂ ಸೀಸ ಬೇಕಾದ ಜಾಗದಲ್ಲಿ ಬ್ರೇಡಿಗೆ 7ರಿಂದ 10 ಗ್ರಾಂ ಸಾಕು. ಸೀಸ ಹಗುರವಾದಷ್ಟೂ ಗಾಳದ ಶೆಟ್ಲಿ (ಸಿಗಡಿ) ಸಹಜವಾಗಿ ತೇಲುತ್ತದೆ, ಬೇರಿನ ಸಂದಿಗೆ ಸಿಕ್ಕಿಕೊಳ್ಳುವುದೂ ಕಡಿಮೆ.

ಹಿಗ್ಗುವ ಗುಣದಲ್ಲಿ ಇನ್ನೂ ದೊಡ್ಡ ಅಂತರವಿದೆ. ನೈಲಾನ್ ತಂಗೂಸಿ ತುಂಡಾಗುವ ಮೊದಲು ಹೆಚ್ಚುಕಡಿಮೆ ಕಾಲುಭಾಗ ಹಿಗ್ಗಬಲ್ಲದು, ಬ್ರೇಡ್ ಹಿಗ್ಗುವುದು ಶೇ. 3–4 ಅಷ್ಟೇ. ಕೆಂಬೇರಿ ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುವ ಮೀನು. ಮೊದಲ ಒಂದು ಮೀಟರಿನಲ್ಲೇ ಅದನ್ನು ತಡೆದು ಈಚೆಗೆ ಎಳೆಯಬೇಕು. ತಂಗೂಸಿಯಲ್ಲಿ ನೀವು ಎಳೆದದ್ದೆಲ್ಲ ದಾರದ ಹಿಗ್ಗಿಗೇ ಹೋಗುತ್ತದೆ, ಅಷ್ಟರಲ್ಲಿ ಮೀನು ಬೇರು ಸೇರಿರುತ್ತದೆ. ನನ್ನ ಮಟ್ಟಿಗೆ ಬ್ರೇಡ್ ಗೆಲ್ಲುವುದು ಈ ಒಂದು ಕಾರಣಕ್ಕೇ.

ಇನ್ನು ಅಡಿಯ ವಿಷಯ. ಹೊಸ ಬ್ರೇಡನ್ನು ರೀಲಿನ ಲೋಹದ ಸ್ಪೂಲಿಗೆ (ದಾರ ಸುತ್ತುವ ಉರುಳೆಗೆ) ನೇರವಾಗಿ ಗಂಟು ಹಾಕಿ ಸುತ್ತಿದರೆ, ಗಾಳ ಎಸೆದು ಎಳೆಯುವವರೆಗೆ ಏನೂ ಗೊತ್ತಾಗುವುದಿಲ್ಲ. ತೂಕದ ಮೀನು ಕಚ್ಚಿದಾಗ ಹಿಡಿಕೆ ತಿರುಗುತ್ತದೆ, ದಾರ ಮಾತ್ರ ಒಳಗೆ ಬರುವುದಿಲ್ಲ. ಡ್ರ್ಯಾಗ್ (ಮೀನಿನ ಎಳೆತಕ್ಕೆ ತಕ್ಕಂತೆ ದಾರ ಬಿಡುವ ಬ್ರೇಕು) ಸಡಿಲವಾಗಿದೆ ಎಂದುಕೊಂಡು ತಿರುಪು ಬಿಗಿ ಮಾಡುತ್ತೀರಿ, ಆದರೂ ದಾರ ಜಾರುತ್ತಲೇ ಇರುತ್ತದೆ. ರೀಲ್ ಕೆಟ್ಟಿತೆಂದು ಬಿಚ್ಚಿ ಡ್ರ್ಯಾಗಿನ ಬಿಲ್ಲೆಗಳನ್ನು ಬದಲಿಸಿದವರೂ ಇದ್ದಾರೆ. ರೀಲ್ ಸರಿಯಾಗಿಯೇ ಇರುತ್ತದೆ. ಜಾರುತ್ತಿರುವುದು ಸ್ಪೂಲಿನ ಮೇಲಿನ ಇಡೀ ದಾರದ ಸುತ್ತು, ಸಣ್ಣ ಕೈಗೆ ಹಾಕಿದ ದೊಡ್ಡ ಬಳೆಯ ಹಾಗೆ.

ಕಾರಣ ಸರಳ. ನೈಲಾನ್ ಬಿಗಿಯಾಗಿ ಸುತ್ತಿದಾಗ ಹಿಗ್ಗಿ, ಮತ್ತೆ ಕುಗ್ಗಲು ನೋಡುತ್ತಾ ಸ್ಪೂಲನ್ನು ಅಪ್ಪಿ ಹಿಡಿಯುತ್ತದೆ. ಬ್ರೇಡ್ ಪಾಲಿಎಥಿಲೀನ್ ಎಳೆಗಳದ್ದು. ಅದು ನುಣುಪು, ನೀರು ಹೀರುವುದಿಲ್ಲ, ಅಷ್ಟಾಗಿ ಹಿಗ್ಗುವುದೂ ಇಲ್ಲ. ಹಾಗಾಗಿ ಗಂಟಿನ ಸಮೇತ ಸುತ್ತಲೂ ಜಾರುತ್ತದೆ. ಪರೀಕ್ಷೆಗೆ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಸ್ಪೂಲಿನ ಅಂಚಿನ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ, ದಾರವನ್ನು ಕೈಗೆ ಬಟ್ಟೆ ಸುತ್ತಿಕೊಂಡು ಎಳೆಯಿರಿ. ಗುರುತು ನಿಂತಲ್ಲೇ ಇದ್ದು ದಾರ ಬರುತ್ತಿದ್ದರೆ ತಪ್ಪು ಅಡಿಯಲ್ಲಿದೆ. ಗುರುತೂ ತಿರುಗಿದರೆ ಮಾತ್ರ ಡ್ರ್ಯಾಗಿನ ಕಡೆ ನೋಡಿ.

ಸರಿಪಡಿಸಲು 0.30 ಮಿ.ಮೀ. ತಂಗೂಸಿಯನ್ನು ಮೊದಲು ಸ್ಪೂಲಿಗೆ ಕಟ್ಟಿ, ತಳ ಪೂರ್ತಿ ಮುಚ್ಚುವ ಹಾಗೆ ಹತ್ತು ಮೀಟರಿನಷ್ಟು ಬಿಗಿಯಾಗಿ ಸುತ್ತಿ. ಅದಕ್ಕೆ ಬ್ರೇಡನ್ನು ಡಬಲ್ ಯೂನಿ ಗಂಟಿನಿಂದ ಜೋಡಿಸಿ: ಬ್ರೇಡಿನ ಕಡೆ ಎಂಟು ಸುತ್ತು, ತಂಗೂಸಿಯ ಕಡೆ ಐದು. ಎಳೆಯುವ ಮೊದಲು ಗಂಟು ಒದ್ದೆ ಮಾಡಿ. ತಳದಲ್ಲಿ ರಬ್ಬರ್ ಪಟ್ಟಿ ಇರುವ ಸ್ಪೂಲಾದರೆ ಈ ಕೆಲಸ ಬೇಡ.

ಸ್ಪೂಲ್ ಆಳವಾಗಿದ್ದು ಬ್ರೇಡ್ ಕಡಿಮೆ ಇದ್ದರೆ ಅಡಿಯ ತಂಗೂಸಿ ಎಷ್ಟಿರಬೇಕು ಅನ್ನುವುದು ಅಂದಾಜಿಗೆ ಸಿಗುವುದಿಲ್ಲ. ಜೊತೆಗಾರನ ಹತ್ತಿರ ಅದೇ ರೀಲ್ ಇದ್ದರೆ ಸುಲಭ. ಅವನ ಖಾಲಿ ಸ್ಪೂಲಿಗೆ ಮೊದಲು ಬ್ರೇಡ್ ಸುತ್ತಿ, ಅದರ ಮೇಲೆ ಅಂಚಿಗೆ 2 ಮಿ.ಮೀ. ಉಳಿಯುವಷ್ಟು ತಂಗೂಸಿ ಸುತ್ತಿ, ಅಲ್ಲಿಂದ ಎಲ್ಲವನ್ನೂ ನಿಮ್ಮ ಸ್ಪೂಲಿಗೆ ಎಳೆದುಕೊಳ್ಳಿ. ತಂಗೂಸಿ ತಾನಾಗಿಯೇ ಅಡಿಗೆ ಹೋಗುತ್ತದೆ, ಅಳತೆಯೂ ಸರಿಯಾಗುತ್ತದೆ.

ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಒತ್ತಿ ಹಿಡಿಯುವುದನ್ನು ಮರೆಯಬೇಡಿ. ಸಡಿಲವಾಗಿ ಸುತ್ತಿದ ಬ್ರೇಡ್ ಮೀನಿನ ಎಳೆತಕ್ಕೆ ತನ್ನದೇ ಪದರಗಳ ನಡುವೆ ಹೂತುಹೋಗುತ್ತದೆ. ಮುಂದಿನ ಸಲ ಎಸೆದಾಗ ದಾರ ಅಲ್ಲೇ ಕಚ್ಚಿಕೊಂಡು ನಿಂತು, ಗಾಳ ಕಿತ್ತುಕೊಂಡು ಆಚೆ ದಡಕ್ಕೆ ಹಾರುತ್ತದೆ.

ಬ್ರೇಡ್ ಪೂರ್ತಿ ಸೋಲುವ ಜಾಗವೂ ಇದೆ. ಸೇತುವೆ ಕಂಬ, ಹಳೆಯ ಧಕ್ಕೆಯ ಕಲ್ಲು, ಸಿಂಪಿ ಅಂಟಿದ ಬೇರು ಇವುಗಳಿಗೆ ಬಿಗಿಯಾದ ಬ್ರೇಡ್ ಒಮ್ಮೆ ಸವರಿದರೆ ಸಾಕು, ತುಂಡು. ತಂಗೂಸಿ ಗೀರುಬಿದ್ದರೂ ಸ್ವಲ್ಪ ತಡೆಯುತ್ತದೆ. ಕುರುಡಿಯ ಕಿವಿರು ಮುಚ್ಚಳದ ಅಂಚೂ ಚೂರಿಯಷ್ಟು ಹರಿತ, ನೀರಿನಿಂದ ಮೇಲೆ ಹಾರಿ ತಲೆ ಕೊಡವುವಾಗ ದಾರಕ್ಕೆ ಅದೇ ತಾಗುವುದು. ಹಾಗಾಗಿ ತುದಿಗೆ ಒಂದೂವರೆ ಮೀಟರ್ 0.50ರಿಂದ 0.60 ಮಿ.ಮೀ. ತಂಗೂಸಿ ಅಥವಾ ಫ್ಲೋರೋಕಾರ್ಬನ್ ಲೀಡರ್ (ಬ್ರೇಡಿಗೂ ಗಾಳಕ್ಕೂ ನಡುವಿನ ತುಂಡು ದಾರ) ಬೇಕೇಬೇಕು. ಜೋಡಿಸಲು ಎಫ್‌ಜಿ ಗಂಟು ಉತ್ತಮ: ಬಿಗಿ ಹಿಡಿದ ಲೀಡರಿನ ಮೇಲೆ ಬ್ರೇಡನ್ನು ಮೇಲೊಮ್ಮೆ ಕೆಳಗೊಮ್ಮೆ ಒಟ್ಟು ಇಪ್ಪತ್ತು ಸುತ್ತು, ಆಮೇಲೆ ಅರೆಗಂಟುಗಳು. ಒದ್ದೆ ಮಾಡಿ ಬಲವಾಗಿ ಎಳೆದಾಗ ಸುತ್ತುಗಳು ಒತ್ತೊತ್ತಾಗಿ ಕೂತು ಬ್ರೇಡಿನ ಬಣ್ಣ ಒಮ್ಮೆಲೇ ಗಾಢವಾಗುತ್ತದೆ. ಬಣ್ಣ ಬದಲಾಗದಿದ್ದರೆ ಗಂಟು ಕಚ್ಚಿಲ್ಲ, ಕತ್ತರಿಸಿ ಮತ್ತೆ ಹಾಕಿ. ದೋಣಿ ಅಲುಗಾಡುವಾಗ ಈ ಗಂಟು ಕೈಗೆ ಬರುವುದು ಕಷ್ಟ, ಅದಕ್ಕೇ ಮನೆಯಲ್ಲೇ ಹಾಕಿಕೊಂಡು ಹೋಗುವುದು ನನ್ನ ರೂಢಿ. ಅಲ್ಲಿ ಕಡಿದುಹೋದರೆ ಡಬಲ್ ಯೂನಿ ಹಾಕಿ ಆ ಹೊತ್ತು ಮುಗಿಸುತ್ತೇನೆ.

ಗೆಳೆಯನ ಜೊತೆ ಒಂದೇ ದೋಣಿಯಲ್ಲಿ ಕೂರುವವರು ಇನ್ನೊಂದು ವಿಷಯ ತಿಳಿದಿರಬೇಕು. ಒಬ್ಬನದು ಬ್ರೇಡ್, ಇನ್ನೊಬ್ಬನದು ತಂಗೂಸಿ ಆಗಿ ಎರಡೂ ದಾರ ಅಡ್ಡಹಾಯ್ದರೆ, ಓಡುವ ಬ್ರೇಡ್ ತಂಗೂಸಿಯನ್ನು ಗರಗಸದಂತೆ ಕೊಯ್ದುಹಾಕುತ್ತದೆ. ಬ್ರೇಡಿನವನ ಮೀನು ಉಳಿಯುತ್ತದೆ, ತಂಗೂಸಿಯವನ ಗಾಳ ಹೊಳೆಗೆ. ಲಂಗರು ಹಾಕಿದ ದೋಣಿಯಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ ಕೂತು, ನೀರಿನ ಹರಿವಿಗೆ ಒಬ್ಬೊಬ್ಬ ಒಂದೊಂದು ಬದಿಗೆ ಎಸೆಯಬೇಕು. ಒಬ್ಬನಿಗೆ ಕಚ್ಚಿದ ಕೂಡಲೇ ಇನ್ನೊಬ್ಬ ದಾರ ಎಳೆದುಕೊಂಡು, ಕೈಬಲೆ ಹಿಡಿದು ತಯಾರಾಗಬೇಕು. ಇಬ್ಬರೂ ಒಂದೇ ಬಗೆಯ ದಾರ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ರಾಡಿಲ್ಲದ ಕೈಗಾಳಕ್ಕೆ ತಂಗೂಸಿಯೇ ಗತಿ, ಬ್ರೇಡ್ ಬೆರಳು ಕೊಯ್ಯುತ್ತದೆ. ಮರಳು ದಿಬ್ಬದ ಅಂಚಿನಲ್ಲಿ ಚಿಕ್ಕ ಗಾಳಕ್ಕೆ ಕಾಣೆ ಮೀನು ಹಿಡಿಯುವವರಿಗೂ ತಂಗೂಸಿಯೇ ಸಾಕು, ಆ ಸಣ್ಣ ಬಾಯಿಗೆ ಹಿಗ್ಗುವ ದಾರವೇ ಹಿತ. ತಂಗೂಸಿ ಬಿಸಿಲಿಗೆ ಬೇಗ ಹಳತಾಗುತ್ತದೆ. ಗಾಳಿಯಲ್ಲಿ ಬ್ರೇಡ್ ಸಿಕ್ಕಾಗುತ್ತದೆ. ಎಸೆದ ಮೇಲೆ ರೀಲಿನ ಬೇಲ್ ಕಂಬಿಯನ್ನು (ದಾರವನ್ನು ಸ್ಪೂಲಿಗೆ ಸುತ್ತುವ ಕಂಬಿ) ಕೈಯಲ್ಲೇ ಮುಚ್ಚಿ, ಸಡಿಲು ದಾರವನ್ನೊಮ್ಮೆ ಎಳೆದುಕೊಂಡು ಸುತ್ತಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಬ್ರೇಡ್ ತನ್ನ ಎಳೆಗಳ ನಡುವೆ ಉಪ್ಪುನೀರು ಹಿಡಿದಿಟ್ಟುಕೊಳ್ಳುತ್ತದೆ, ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಸುರಿದು ನೆರಳಲ್ಲಿ ಒಣಗಿಸಿ.

ದುಡ್ಡಿನ ಲೆಕ್ಕದಲ್ಲಿ ತಂಗೂಸಿ ಅಗ್ಗ, ಅನುಮಾನವಿಲ್ಲ. ಆದರೆ ಕವಲುಗಳಲ್ಲಿ ನಾವು ಎಸೆಯುವುದು ಹೆಚ್ಚೆಂದರೆ 40 ಮೀಟರ್. ಬ್ರೇಡಿನ 300 ಮೀಟರಿನ ಒಂದು ಸುರುಳಿ ಕೊಂಡು ಇಬ್ಬರು ಹಂಚಿಕೊಂಡರೆ ತಲಾ 150 ಮೀಟರ್ ಸಿಗುತ್ತದೆ, ಅದು ಬೇಕಾದಷ್ಟಾಯಿತು. ಮುಂದಿನ ಭಾಗ ಜುಂಗು ಎದ್ದು ಸವೆದಾಗ ದಾರವನ್ನು ತಿರುಗಿಸಿ ಸುತ್ತಿದರೆ, ನೀರೇ ಕಾಣದ ಹಿಂದಿನ ಭಾಗ ಮುಂದೆ ಬರುತ್ತದೆ. ಎಂಟು ಎಳೆಯದು ನುಣುಪು, ಬೆಲೆ ಜಾಸ್ತಿ. ನಾನು ಕೊಳ್ಳುವುದು ನಾಲ್ಕು ಎಳೆಯದು. ರಾಡಿನ ಉಂಗುರಗಳಲ್ಲಿ ಸದ್ದು ಮಾಡುತ್ತದೆ, ಆದರೆ ಎಳೆ ದಪ್ಪವಿರುವುದರಿಂದ ಬೇರು ಕಲ್ಲಿಗೆ ಸ್ವಲ್ಪ ಹೆಚ್ಚು ತಾಳುತ್ತದೆ. ಕೊಳ್ಳುವಾಗ ಡಬ್ಬದ ಮೇಲಿನ ಪೌಂಡ್ ಸಂಖ್ಯೆಗಿಂತ ಮಿಲಿಮೀಟರ್ ದಪ್ಪ ನೋಡಿ. ದಪ್ಪ ಬರೆಯದ ಅಗ್ಗದ ದಾರವನ್ನು ನಾನು ಮುಟ್ಟುವುದಿಲ್ಲ.